ಫರಿನ್ಯಾಳ ಹೊಸ ಸನ್ನೆ

ಲಗುನಾ ಊರಿನ ಅಳಿವೆಯಲ್ಲಿ ಬೀಸುಬಲೆ ಹಿಡಿದು ಸೊಂಟದುದ್ದ ನೀರಲ್ಲಿ ಸಾಲಾಗಿ ನಿಲ್ಲುವವರ ಪೈಕಿ, ಡಾಲ್ಫಿನ್‌ಗಳ ಸನ್ನೆ ತನ್ನಷ್ಟು ಚೆನ್ನಾಗಿ ಯಾರಿಗೂ ತಿಳಿಯುವುದಿಲ್ಲ ಎಂದು ವಾಲ್ಮೊರ್ ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಜಂಬವಿದ್ದರೂ ಮಾತು ಸುಳ್ಳಾಗಿರಲಿಲ್ಲ.

ಜೂನ್ ತಿಂಗಳಲ್ಲಿ ತೆಂಕಣ ಗಾಳಿ ಎದ್ದು ತಾಯ್ನ್ಯಾ ಮೀನಿನ ಹಿಂಡು ಬಂದಾಗ ಡಾಲ್ಫಿನ್‌ಗಳು ಅದನ್ನು ದಡದತ್ತ ಅಟ್ಟಿಕೊಂಡು ಬರುತ್ತವೆ. ಆ ಕಲಕು ನೀರಿನಲ್ಲಿ ಮನುಷ್ಯನ ಕಣ್ಣಿಗೆ ಮೀನು ಕಾಣುವುದಿಲ್ಲ. ಸಾಲಿನೆದುರು ಬಂದ ಡಾಲ್ಫಿನ್ ಬೆನ್ನು ಬಾಗಿಸಿದರೆ, ಇಲ್ಲವೇ ತಲೆಯಿಂದ ನೀರಿಗೆ ಬಡಿದರೆ, ಆ ಗಳಿಗೆಗೆ ಬಲೆ ಬೀಸಬೇಕು. ಬೆದರಿ ಚದುರಿದ ಮೀನು ಡಾಲ್ಫಿನ್ನಿನ ಪಾಲು. ಕಟ್ಟಳೆ ಒಂದೇ, ಅವುಗಳ ಮೈಮೇಲೆ ಬಲೆ ಬೀಳಕೂಡದು.

ವಾಲ್ಮೊರ್‌ನ ಎದುರಿಗೆ ಬರುತ್ತಿದ್ದವಳು ಫರಿನ್ಯಾ ಎಂಬ ಹೆಣ್ಣು ಡಾಲ್ಫಿನ್. ಬೆನ್ನಿನ ರೆಕ್ಕೆಯ ಮೇಲೆ ಮರಗೆಣಸಿನ ಹಿಟ್ಟು ಚೆಲ್ಲಿದಂಥ ಬಿಳಿ ಕಲೆ ಇದ್ದದ್ದಕ್ಕೆ ಹಿಟ್ಟಿನದೇ ಹೆಸರು ಇಟ್ಟಿದ್ದರು. ಈ ವರ್ಷ ಅವಳ ಜೊತೆ ಮರಿಯೂ ಇತ್ತು. ಆದರೆ ಅವಳು ಬೆನ್ನು ಬಾಗಿಸುವುದನ್ನು ಬಿಟ್ಟು, ಅವನ ಮುಂದೆ ನಿಂತು ತಲೆಯನ್ನು ಎಡಕ್ಕೆ ಕೊಡವತೊಡಗಿದ್ದಳು. ವಾಲ್ಮೊರ್ ಬೀಸುತ್ತಿದ್ದ, ಬಲೆ ಬರಿದಾಗಿ ಬರುತ್ತಿತ್ತು.

"ಭಾವ, ನಿನ್ನ ಹೆಣ್ಣು ಇವತ್ತೂ ಸುಳ್ಳು ಹೇಳಿದ್ಳಾ?" ಪಕ್ಕದಲ್ಲಿ ನಿಂತ ಅವನ ಹೆಂಡತಿಯ ತಮ್ಮ ಅದೆಲೊರ್ ಕೇಳುತ್ತಿದ್ದ.

"ಸುಳ್ಳಲ್ಲ ಮಾರಾಯ. ಇದು ಹೊಸ ಸನ್ನೆ. ಎಡಕ್ಕೆ ಕೊಡವಿದ್ರೆ ಮೀನು ಎಡಕ್ಕುಂಟು ಅಂತ. ನಿಂಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ."

"ಎಡಕ್ಕೂ ಬೀಸಿ ಆಯ್ತು, ಬಲಕ್ಕೂ ಬೀಸಿ ಆಯ್ತು. ಇನ್ನು ಆಕಾಶಕ್ಕೆ ಬೀಸೂದೊಂದು ಬಾಕಿ."

ಸಾಲಿಗೆ ಸಾಲೇ ನಗುತ್ತಿತ್ತು. ವಾಲ್ಮೊರ್ ಹಲ್ಲು ಕಚ್ಚಿಕೊಂಡು ಹನ್ನೆರಡು ದಿನ ಆ ಸನ್ನೆಗೆ ಅರ್ಥ ಹುಡುಕಿದ. ಹದಿಮೂರನೆಯ ದಿನ ಗಾಳಿ ತುಸು ತಗ್ಗಿ ನೀರು ತಿಳಿಯಾಗಿತ್ತು. ಫರಿನ್ಯಾ ಮಾರು ದೂರಕ್ಕೆ ಬಂದು ಮೂತಿ ಎತ್ತಿದಳು. ಮೂತಿಯ ಸುತ್ತ ನೀಲಿ ಪ್ಲಾಸ್ಟಿಕ್ ಪಟ್ಟಿಯೊಂದು ಬಿಗಿದುಕೊಂಡು ಮಾಂಸಕ್ಕೆ ಇಳಿದಿತ್ತು. ತಲೆಯ ಹಿಂದೆ, ತುಂಬಿಕೊಂಡಿರಬೇಕಾದ ಜಾಗದಲ್ಲಿ, ಹೊಟ್ಟೆಗಿಲ್ಲದೆ ಕುಳಿ ಬಿದ್ದಿತ್ತು.

ಆ ಪಟ್ಟಿಯ ಗುರುತು ಅವನಿಗೆ ಚೆನ್ನಾಗಿಯೇ ಇತ್ತು. ಮೀನು ತುಂಬುವ ಪೆಟ್ಟಿಗೆಗಳ ಕಟ್ಟಿನ ಸುತ್ತ ಬಿಗಿದು ಬರುವ ಪಟ್ಟಿ ಅದು. ಕತ್ತರಿಸಿದರೆ ಚಾಕು ಮೊಂಡಾಗುತ್ತದೆ ಎಂದು ಎಲ್ಲರೂ ಅದನ್ನು ಬಳೆಯಂತೆ ಇಡಿಯಾಗಿ ಜಾರಿಸಿ, ಕಾಲಿಂದ ನೀರಿಗೆ ತಳ್ಳುತ್ತಿದ್ದರು. ವಾಲ್ಮೊರ್ ಎಷ್ಟು ತಳ್ಳಿದ್ದನೋ ಲೆಕ್ಕವಿಲ್ಲ. ಬಾಯಿ ಬಿಡಲಾರದ ಜೀವವೊಂದು ಹನ್ನೆರಡು ದಿನ ಕಣ್ಣೆದುರೇ ತಲೆ ಕೊಡವಿಕೊಂಡಿತ್ತು, ತಾನು ಅದಕ್ಕೆ ಅರ್ಥ ಹೇಳುತ್ತ ಕೂತಿದ್ದೆ ಎಂದು ನೆನೆದಾಗ ಅವನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಅದೆಲೊರ್ ಡಾಲ್ಫಿನ್‌ಗಳ ಅಧ್ಯಯನ ಮಾಡುವ ವಿಶ್ವವಿದ್ಯಾಲಯದವರಿಗೆ ಫೋನು ಮಾಡಿದ. ದೊಡ್ಡ ಬಲೆ, ದೋಣಿ, ವೈದ್ಯರು ಎಲ್ಲ ಸೇರಿ ಬರಲು ನಾಲ್ಕು ದಿನ ಬೇಕು ಎಂದರು.

"ನಾಲ್ಕು ದಿನ ಇವಳು ಇರೂದಿಲ್ಲ," ಎಂದ ವಾಲ್ಮೊರ್. "ಹಾಲು ಬತ್ತಿದ್ರೆ ಮರಿಯೂ ಹೋಗ್ತದೆ. ಇವಳು ಇಷ್ಟು ಹತ್ತಿರ ಬರೂದು ನನ್ನ ಎದುರಿಗೆ ಮಾತ್ರ. ನಾನೇ ಬೀಸ್ತೇನೆ."

"ಅವಳ ಮೈಮೇಲಾ?"

"ಮತ್ತೆಲ್ಲಿ?"

ಅದೆಲೊರ್ ಈ ಸಲ ತಮಾಷೆ ಮಾಡಲಿಲ್ಲ. "ಭಾವ, ಒಮ್ಮೆ ಬಲೆ ಬಿದ್ರೆ ಅವಳು ನಿನ್ನ ಮುಖ ಕಾಣೂದಿಲ್ಲ. ಯೋಚನೆ ಮಾಡು."

"ಕಾಣದಿದ್ರೆ ಬೇಡ. ಬಾಯಿ ಬಿಟ್ರೆ ಸಾಕು."

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬಂದಳು, ಅವನ ಮುಂದೆ ನಿಂತಳು, ತಲೆ ಕೊಡವಿದಳು. ವಾಲ್ಮೊರ್ ಬೀಸಿದ ಬಲೆ ದುಂಡಗೆ ಬಿಚ್ಚಿಕೊಂಡು ನೆಟ್ಟಗೆ ಅವಳ ಮೇಲೆ ಬಿತ್ತು. ಬಡಕಲಾಗಿದ್ದರೂ ಐದು ಗಂಡಸರಿಗೆ ಅವಳನ್ನು ಹಿಡಿಯುವುದು ಸಾಕುಬೇಕಾಯಿತು. ಇಬ್ಬರು ಅವಳ ಉಸಿರಿನ ರಂಧ್ರ ನೀರಿನ ಮೇಲಿರುವಂತೆ ಎತ್ತಿ ಹಿಡಿದರು. ಬಾಲದ ಒಂದು ಏಟು ವಾಲ್ಮೊರ್‌ನ ಪಕ್ಕೆಗೆ ಬಿತ್ತು. ಅವನು ಚಾಕುವಿನ ತುದಿಯನ್ನು ಪಟ್ಟಿಯಡಿ ತೂರಿಸಿ ಕೊಯ್ಯುವಾಗ ಅವಳ ಕಣ್ಣು ಅವನನ್ನೇ ನೋಡುತ್ತಿತ್ತು. ಆ ನೋಟಕ್ಕೆ ಏನರ್ಥ ಎಂದು ಅವನು ಈ ಬಾರಿ ಹೇಳಲು ಹೋಗಲಿಲ್ಲ. ಪಟ್ಟಿ ಟಪ್ಪನೆ ಕಡಿದುಹೋಯಿತು. ಬಲೆ ಸರಿಸಿದ್ದೇ ತಡ, ಆಚೆ ಕೂಗುತ್ತಿದ್ದ ಮರಿಯನ್ನು ಕೂಡಿಕೊಂಡು ಅವಳು ಹೋದಳು.

ಒಂಬತ್ತು ದಿನದ ಮೇಲೆ ಮತ್ತೆ ಕಾಣಿಸಿಕೊಂಡಳು. ಸಾಲಿಗೆ ಸಂತೋಷವೋ ಸಂತೋಷ. ಆದರೆ ನಡು ನೀರಿನವರೆಗೆ ಮೀನು ಅಟ್ಟಿಕೊಂಡು ಬಂದವಳು ವಾಲ್ಮೊರ್ ನಿಂತ ಸಾಲನ್ನು ಕಂಡು ತಿರುಗಿಬಿಟ್ಟಳು. ಅವಳ ಹಿಂದೆ ಉಳಿದ ಡಾಲ್ಫಿನ್‌ಗಳೂ ತಿರುಗಿದವು. ಮೂರು ದಿನ ಹೀಗೇ ಆಗಿ ಒಬ್ಬರಿಗೂ ಮೀನಿಲ್ಲ. ಅವನಿಗೆ ಹೋಗೆಂದು ಯಾರೂ ಅನ್ನಲಿಲ್ಲ. ನಾಲ್ಕನೆಯ ದಿನ ಅವನೇ ಬಲೆ ಸುತ್ತಿ ಹೆಗಲಿಗೆ ಹಾಕಿಕೊಂಡು ನೀರಿನಿಂದ ಎದ್ದು ಬಂದ. ದಡದ ಮೇಲೆ ನಿಂತರೂ ಅವಳು ತನ್ನನ್ನು ಕಂಡಾಳು ಎಂದು ಕಲ್ಲುಗಳ ರಾಶಿಯ ಹಿಂದೆ ಹೋಗಿ ಕೂತ. ಅಲ್ಲಿ ಅವನಿಗೆ ಅಳು ಬಂತು, ತಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಬಲೆಗಳು ನೀರಿಗೆ ಬೀಳುವ ಸದ್ದು ಒಂದರ ಹಿಂದೊಂದು ಕೇಳಿತು. ಆಮೇಲೆ ಅದೆಲೊರ್‌ನ ದನಿ.

"ಭಾವ, ತಿಂದ್ಳು. ದೊಡ್ಡ ಮೀನೇ. ಬಾಯಿ ಪೂರ್ತಿ ತೆಗ್ದು ನುಂಗಿದ್ಳು. ಕಂಡ್ಯಾ?"

"ಕಂಡೆ ಮಾರಾಯ," ಎಂದ ವಾಲ್ಮೊರ್.

ಅವನು ಕೂತಲ್ಲಿಗೆ ಕಲ್ಲುಗಳ ಹೊರತು ಏನೂ ಕಾಣುತ್ತಿರಲಿಲ್ಲ.