ವಖಾರ ಪಾಡ ಐತಿ

ವಖಾರದ ಪಡಸಾಲೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು ಆ ಮಧ್ಯಾಹ್ನ ಕೈಯಲ್ಲಿದ್ದ ಎಲೆ ಕೆಳಗಿಟ್ಟು ನಗುತ್ತಿದ್ದರು. ನಗಿಸುತ್ತಿದ್ದವಳು ನೀಲಮ. ಅದೇ ಓಣಿಯ ಹುಡುಗಿ, ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿದವಳು, ಯಾರ ದನಿಯನ್ನಾದರೂ ತೆಗೆದು ತೋರಿಸಬಲ್ಲವಳು. ಈಗ ತೆಗೆದದ್ದು ಅವಳ ಹೊಸ ಸಾಹೇಬ, ಪುಣೆ ಕಂಪನಿಯ ಸಂಗ್ರಾಮನ ದನಿ.

“ಮ್ಯಾಡಂ, ಹೇ ಫಕ್ತ ಆ್ಯಪ್ ನಾಹೀ, ಲೋಕಶಾಹೀ ಆಹೇ!” ಮೂಗಿನಲ್ಲೇ ಅಂದು, ಇಲ್ಲದ ಟೈ ಸರಿಮಾಡಿಕೊಂಡಳು. ಇದು ಬರೀ ಆ್ಯಪ್ ಅಲ್ಲವಂತೆ, ಪ್ರಜಾಪ್ರಭುತ್ವವಂತೆ.

“ಸಾಕ ಬಿಡ ಬೇ,” ಎಂದಳು ಶಿವಗಂಗವ್ವ, ಬಾಯಿಗೆ ಸೆರಗು ಒತ್ತಿಕೊಂಡು. “ನಕ್ಕ ನಕ್ಕ ಕಟ್ಟಿದ್ದ ಬೀಡಿ ಬಿಚ್ಚಾಕತ್ತಾವು.”

ಅದು ಎರಡು ಸಾವಿರದ ಹದಿನೇಳನೆಯ ಇಸವಿ. ನಿಪ್ಪಾಣಿ ಸೇರಿ ಐದು ಊರುಗಳ ಹಳೇ ಪೇಟೆಗೆ ಹೊಸ ಜೀವ ಕೊಡುವ ಯೋಜನೆಯೊಂದು ಬಂದಿತ್ತು. ಹಳೆಯ ಕಟ್ಟಡಗಳ ಫೋಟೊಗಳನ್ನು ಫೋನಿನಲ್ಲಿ ಓಣಿಯ ಮಂದಿಗೆ ತೋರಿಸಬೇಕು, ಅವರ ಅಭಿಪ್ರಾಯ ತುಂಬಬೇಕು, ಅವರು ಹೇಳಿದಂತೆ ಉಳಿಸಬೇಕು ಇಲ್ಲವೇ ಕೆಡವಬೇಕು. ಹಿಂದೆಲ್ಲ ಕೇಳುವವರೇ ಇರಲಿಲ್ಲ. ಈಗ ಸರ್ವೆ ಎಂಬುದು ಸರ್ವೇಸಾಮಾನ್ಯವಾಗಿತ್ತು. ಅದರ ಗುತ್ತಿಗೆ ಪುಣೆ ಕಂಪನಿಯದು, ಮನೆಮನೆಗೆ ಹೋಗಿ ಕೇಳುವ ಕೆಲಸ ನೀಲಮಳದು.

ವಖಾರ ತಂಬಾಕಿನ ದೊಡ್ಡ ವ್ಯಾಪಾರದ ಕಾಲದ ಗೋದಾಮು. ಕಲ್ಲಿನ ಕಮಾನು, ಸಾಗವಾನಿ ಕಂಬಗಳು, ಉದ್ದನೆಯ ಪಡಸಾಲೆ. ವ್ಯಾಪಾರ ಹೋದ ಮೇಲೆ ಒಳಗೆ ಪಾರಿವಾಳಗಳು ಸೇರಿಕೊಂಡವು, ಹೊರಗೆ ಬೀಡಿಯ ಹೆಂಗಸರು. ಅವರ ಮನೆಗಳೆಲ್ಲ ಒಂದೊಂದೇ ಖೋಲಿ, ಮೇಲೆ ತಗಡು. ಬೇಸಿಗೆಯಲ್ಲಿ ಅಲ್ಲಿ ಕುಳಿತರೆ ಎಲೆಗಿಂತ ಮೊದಲು ಮನುಷ್ಯರು ಬಾಡುತ್ತಿದ್ದರು. ಈ ಪಡಸಾಲೆಯಲ್ಲಿ ತಂಪಿತ್ತು, ಜೊತೆಗಾರ್ತಿಯರಿದ್ದರು. ಗಂಡಂದಿರನ್ನೂ ಸೊಸೆಯಂದಿರನ್ನೂ ಬೈಯಲು ಬೇರೆ ಜಾಗವೂ ಇರಲಿಲ್ಲ. ವಖಾರದ ವಾರಸುದಾರರು ಕೊಲ್ಹಾಪುರ ಸೇರಿ, “ಮಂದಿ ಹೆಂಗ ಅಂತಾರ ಹಂಗ ಮಾಡ್ರಿ” ಎಂದು ಯೋಜನೆಯವರಿಗೆ ಸಹಿ ಮಾಡಿಕೊಟ್ಟು ಕೈ ತೊಳೆದುಕೊಂಡಿದ್ದರು.

ನೀಲಮ ಫೋನು ಮುಂದೆ ಹಿಡಿದಳು. “ಆಯಿ, ಒಂದ ಮಾತಿನ್ಯಾಗ ಹೇಳಬೇಕ ನೋಡ. ಜಾಸ್ತಿ ಹೇಳಿದ್ರ ಇದು ತಗೊಳ್ಳಂಗಿಲ್ಲ. ಈ ವಖಾರ ಹೆಂಗೈತಿ?”

“ಹೆಂಗೈತಿ ಅಂದ್ರ? ಪಾಡ ಐತಿ.”

ಆ ಸೀಮೆಯ ಕನ್ನಡದಲ್ಲಿ ಪಾಡ ಎಂದರೆ ಚೆನ್ನಾಗಿದೆ, ನೆಟ್ಟಗಿದೆ, ಇದ್ದ ಹಾಗೇ ಇರಲಿ. ಮೈ ಹೇಗಿದೆ ಅಂದರೂ ಪಾಡ. ಬೆಳೆ ಹೇಗಿದೆ ಅಂದರೂ ಪಾಡ. ಸೊಸೆ ಹೇಗಿದ್ದಾಳೆ ಅಂದರೆ, ತುಸು ತಡೆದು, ಪಾಡ.

ಆ್ಯಪಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನೀಲಮ ಇಂಗ್ಲಿಷ್ ಅಕ್ಷರಗಳಲ್ಲಿ ‘ಪಾಡ’ ಎಂದು ಒತ್ತಿದಳು. ಪಕ್ಕದವಳು, “ನಂದೂ ಅದ ಬರಿ” ಎಂದಳು. ಅದರಾಚೆಯವಳೂ ಅದನ್ನೇ ಅಂದಳು. ಕಾಗಲ ಕಡೆಯಿಂದ ಸೊಸೆಯಾಗಿ ಬಂದು ಎರಡೂ ಭಾಷೆಯನ್ನು ಕಲಸಿ ಉಣ್ಣುವ ಸುಂದರಾ, “ಮಾಝಂ ಪಣ ತೇಚ್, ಪೋರೀ” ಎಂದು ತನ್ನದೂ ಅದೇ ಅಂದಳು. ಹೊತ್ತು ಮುಳುಗುವುದರೊಳಗೆ ಇಡೀ ಓಣಿ ಮುಗಿಯಿತು. ಇಷ್ಟು ಚುರುಕಾಗಿ ಯಾರೂ ಮುಗಿಸಿಲ್ಲವೆಂದು ಸಂಗ್ರಾಮ ಫೋನಿನಲ್ಲೇ ಹೊಗಳಿದ.

ಮಳೆಗಾಲ ಹತ್ತಿರ ಬಂದಾಗ ಅವನೇ ಪೇಡೆಯ ಡಬ್ಬಿ ಹಿಡಿದು ಪಡಸಾಲೆಗೆ ಬಂದ. ಲ್ಯಾಪ್‌ಟಾಪ್ ತೆರೆದು ಕಂಬಕ್ಕೆ ಆತು ನಿಂತ.

“ಅಭಿನಂದನ, ಮ್ಯಾಡಂ! ಐದ ಊರಾಗ ಎಲ್ಲೂ ಇಷ್ಟ ಒಮ್ಮತ ಇಲ್ಲ. ನೋಡ್ರಿ, ಸಗಳ್ಯಾಂನೀ ಲಿಹಿಲಂಯ, ಎಲ್ಲಾರೂ ಬರದಾರ... ಪಾಡ! ಪಾಡ! ಪಾಡ!”

ನೀಲಮಳ ಕೈ ಪೇಡೆಯ ಮೇಲೆಯೇ ನಿಂತಿತು. ಅವೇ ಎರಡು ಅಕ್ಷರ. ಶಿವಗಂಗವ್ವನ ಬಾಯಲ್ಲಿ ಅದು ಹಾರೈಕೆಯ ಹಾಗಿತ್ತು, ಇವನ ಬಾಯಲ್ಲಿ ಅಪ್ಪಣೆಯ ಹಾಗಿತ್ತು. ಮರಾಠಿಯಲ್ಲಿ ಪಾಡ ಎಂದರೆ ಕೆಡವು. ಹುಟ್ಟಿದಾಗಿನಿಂದ ಎರಡೂ ಭಾಷೆಯಲ್ಲಿ ಜಗಳಾಡಿ ಬೆಳೆದವಳಿಗೆ ಅದು ಗೊತ್ತಿಲ್ಲದ್ದಲ್ಲ. ಫೋನಿಗೆ ಕಿವಿಯಿಲ್ಲ, ಅದಕ್ಕೆ ಹೇಳಿದವರ ದನಿ ತಲುಪುವುದಿಲ್ಲ ಎಂಬುದಷ್ಟೇ ಒತ್ತುವಾಗ ಹೊಳೆದಿರಲಿಲ್ಲ.

ಅವನನ್ನು ಬೀದಿಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದಳು. ಸಂಗ್ರಾಮ ಮೊದಲು ನಕ್ಕ. ಆಮೇಲೆ ಬೆವರು ಒರೆಸಿಕೊಂಡ.

“ತಿಳೀತು, ಮ್ಯಾಡಂ. ಖರಂಚ ತಿಳೀತು. ಆದ್ರ ರಿಪೋರ್ಟ ಮ್ಯಾಲ ಹೋಗೇತಿ, ಆರ್ಡರ ಬಂದೈತಿ. ಇದೊಂದ ಶಬ್ದ ತಪ್ಪ ಅಂದ್ರ ಐದೂ ಊರಿನ ಸರ್ವೆ ತಪ್ಪ ಅಂತಾರ. ಮುಂದ ಯಾರೂ ಮಂದೀನ್ನ ಕೇಳೂದ ಬಿಡತಾರ.”

“ಈಗರ ಕೇಳೀರೇನ್ರಿ?”

ಅವನು ಮಾಳಿಗೆಯ ಕಡೆ ಬೆರಳು ಮಾಡಿದ. “ಆ ತೊಲಿ ನೋಡ್ರಿ, ಬಿರಕ ಬಿಟ್ಟೈತಿ. ನಾಳೆ ಮಳ್ಯಾಗ ಇವರ ಮ್ಯಾಲ ಬಿದ್ರ ಯಾರ ಜವಾಬ್ದಾರಿ?”

ತೊಲೆ ಬಿರುಕು ಬಿಟ್ಟದ್ದು ಸುಳ್ಳಲ್ಲ. ಆದರೆ ಒಂದು ತೊಲೆ ಬದಲಿಸುವ ಕೆಲಸಕ್ಕೆ ಇಡೀ ವಖಾರವೇ ಬಲಿಯಾಗಬೇಕಿತ್ತೆ? ನೀಲಮ ಆ ಪ್ರಶ್ನೆ ಹಿಡಿದು ಒಂದರ ಹಿಂದೊಂದು ಬಾಗಿಲು ತಟ್ಟಿದಳು. ಎಲ್ಲ ಕಡೆಯೂ ನಯವಾಗಿ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಒಂದೇ ಉತ್ತರ ಕೊಟ್ಟರು: “ಮಂದೀನ ಹೇಳ್ಯಾರಲ್ರಿ, ನಾವೇನ್ ಮಾಡೂದು?” ಅಧಿಕಾರಿಯ ಮಾತಾಗಿದ್ದರೆ ಮಂದಿ ಎದುರು ನಿಲ್ಲಬಹುದಿತ್ತು. ಮಂದಿಯ ಮಾತಿಗೆ ಮಂದಿ ಹೇಗೆ ಎದುರು ನಿಲ್ಲಬೇಕು?

ಹೆಂಗಸರಿಗೆ ಅವಳೇ ಹೇಳಬೇಕಾಯಿತು. ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವಳಿಗೆ ಅಂದು ಸ್ವಂತ ದನಿ ಸಿಗಲಿಲ್ಲ.

“ನಾವ ಏನ್ ಅಂದ್ವಿ, ನೀ ಏನ್ ಬರದಿ ತಂಗಿ?” ಎಂದಳು ಶಿವಗಂಗವ್ವ.

“ನೀವ ಅಂದದ್ದನ್ನ ಬರದೆ, ಆಯಿ.”

“ಮತ್ತ?”

ಸುಂದರಾ ಮೊರ ಕೊಡವುತ್ತ ಎದ್ದಳು. “ಬಿಡ ಪೋರೀ, ನೀ ಬ್ಯಾರೆ ಏನ್ ಬರದಿದ್ರೂ ಕೆಡವಾವ್ರ ಕೆಡವತಿದ್ರು. ನಮ್ಮ ಬಾಯೀಲೆ ಅನಿಸಿ ಕೆಡವತಾರಲ್ಲ, ಅದ ಸಿಟ್ಟ ನನಗ.”

ಜೆಸಿಬಿ ಬಂದ ದಿನ ಕಮಾನು ಬೇಗ ಬೀಳಲಿಲ್ಲ. ಬಿದ್ದಾಗ ಎದ್ದ ಧೂಳಿನಲ್ಲಿ ಹಳೆಯ ತಂಬಾಕಿನ ವಾಸನೆಯಿತ್ತು, ಓಣಿಯೆಲ್ಲ ಸೀನಿತು. ಬಯಲಾದ ಜಾಗಕ್ಕೆ ತಗಡಿನ ಬೇಲಿ ಹಾಕಿ, ‘ಜನರಿಂದ, ಜನರಿಗಾಗಿ’ ಎಂಬ ಬೋರ್ಡು ನಿಲ್ಲಿಸಿದರು. ಹೆಂಗಸರು ತಮ್ಮ ತಮ್ಮ ತಗಡಿನ ಕೆಳಗೆ ಹೋದರು. ಶಿವಗಂಗವ್ವ ನೀಲಮಳನ್ನು ಬೈಯಲಿಲ್ಲ. ಎದುರಾದರೆ, ಮೈ ಹೇಗಿದೆ ಎಂದು ಇವಳು ಕೇಳುವ ಮೊದಲೇ ದಾಟಿಹೋಗುತ್ತಿದ್ದಳು.

ಕಂಪನಿ ನೀಲಮಳನ್ನು ಚಿಕ್ಕೋಡಿಯ ಹಳೇ ಓಣಿಗೆ ಕಳಿಸಿತು. ಕೆಲಸ ಬಿಟ್ಟುಬಿಡಬೇಕೆಂದು ಅವಳಿಗೆ ಅನಿಸದೆ ಇರಲಿಲ್ಲ. ತಾನು ಬಿಟ್ಟರೆ ಬರುವವಳು ತನಗಿಂತ ಚುರುಕಾಗಿ ಒತ್ತುತ್ತಾಳೆ ಎಂಬ ಹೆದರಿಕೆಯಿಂದ ಹೋದಳು.

ಮೊದಲ ಮನೆ ಜೋಳದ ವ್ಯಾಪಾರಿ ತವನಪ್ಪನದು. ಆ ಅಜ್ಜ ಕಟ್ಟೆಯ ಮೇಲೆ ಕುಳಿತು ಫೋಟೊ ನೋಡಿದ. “ನಮ್ಮ ಓಣಿ ದೊಡ್ಡ ಬಾಗಲಾ ಅಲ್ಲೇನವಾ ಇದು? ಬರಕೋ. ಮೊದಲ ಆ ಬಾಗಲಾ ತೆಗೀಬೇಕು.”

ನೀಲಮಳ ಬೆರಳು ಅಕ್ಷರಗಳ ಮೇಲೆ ತಡೆಯಿತು.

“ಅಜ್ಜಾರ, ತೆಗೀಬೇಕು ಅಂದ್ರ ಕಿತ್ತ ಒಗೀಬೇಕೋ, ಕೀಲಿ ತೆಗೀಬೇಕೋ?”

“ಯವ್ವಾ, ಕಿತ್ತ ಯಾಕ ಒಗೀತಿ? ನಮ್ಮ ಮುತ್ಯಾನ ಕಾಲದ್ದದು. ಕೀಲಿ ಹಾಕಿ ಮಂದಿ ಹೋಗೂದ ಬರೂದ ಬಂದ ಮಾಡ್ಯಾರ, ಅದನ್ನ ತೆಗೀರಿ ಅಂದೆ.”

ಅವಳು ಅಷ್ಟನ್ನೂ ಒತ್ತಿದಳು, ಒತ್ತಿದ್ದನ್ನು ಅವನಿಗೆ ಓದಿ ಹೇಳಿದಳು. ಅಜ್ಜ ಹೂಂ ಎಂದ. ಕಳಿಸಹೋದರೆ ಫೋನಿನಲ್ಲಿ ಕೆಂಪು ಗೆರೆ ಮೂಡಿತು. ಒಂದೇ ಮಾತು ಬೇಕಂತೆ. ಮತ್ತೆ ಒತ್ತಿದಳು, ಮತ್ತೆ ಕೆಂಪು. ಅಷ್ಟರಲ್ಲಿ ಸಂಗ್ರಾಮನ ಕರೆ ಬಂತು. ಎಷ್ಟು ಮನೆ ಆಯಿತೆಂದು ಕೇಳಲೇ ಬಂದದ್ದು. ಒಂದೂ ಆಗಿರಲಿಲ್ಲ, ಹೀಗೆ ಹೋದರೆ ಆಗುವುದೂ ಇರಲಿಲ್ಲ.

ನೀಲಮ ಕರೆ ಕತ್ತರಿಸಿ ಫೋನನ್ನು ಚೀಲಕ್ಕೆ ಹಾಕಿದಳು. ಕಟ್ಟೆಯ ಮೇಲೆ ಅಜ್ಜನ ಹತ್ತಿರ ಸರಿದು ಕುಳಿತಳು.

“ಆ ಕೀಲಿ ಯಾರ ಹಾಕಿದ್ರು, ಅಲ್ಲಿಂದ ಹೇಳ್ರಿ.”