ಗುತ್ತೆವ್ವನ ಪಾಳಿಯ ರೊಟ್ಟಿ

ರೊಟ್ಟಿಯ ಗಂಟನ್ನು ಎದೆಗವಚಿಕೊಂಡು ಗುತ್ತೆವ್ವ ಪ್ರಾರ್ಥನೆ ಮನೆಯ ಹೊಸ್ತಿಲ ಹೊರಗೇ ನಿಂತುಬಿಟ್ಟಳು. ವಾರವಿಡೀ ಅದನ್ನು ಗುಡಿಸಿ ಸಾರಿಸುವವಳು ಅವಳೇ. ಆದರೂ ಈ ಹೊತ್ತು ಕಾಲು ಏಳಲಿಲ್ಲ.

"ಒಳಗ ಬಾ ಯವ್ವಾ," ಎಂದರು ಸಮುವೇಲಪ್ಪ ಪಾದ್ರಿಗಳು. "ಇವತ್ತ ಕರ್ತನ ಪಂಕ್ತಿಗೆ ನಿನ್ನ ಕೈಯಾಗಿನ ರೊಟ್ಟಿ."

ಯುದ್ಧ ಶುರುವಾದ ಮೇಲೆ ಪ್ರಭುಭೋಜನಕ್ಕೆ ಹುಬ್ಬಳ್ಳಿಯಿಂದ ಬ್ರೆಡ್ಡು ಬರುವುದು ನಿಂತಿತ್ತು. ಹತ್ತಿಮತ್ತೂರಿನ ಕ್ರೈಸ್ತರು ಪಾಳಿಯ ಮೇಲೆ ರೊಟ್ಟಿ ಮಾಡಿ ತರುತ್ತಿದ್ದರು. ಎಲ್ಲರ ಮನೆ ಸುತ್ತುವ ಪಾಳಿಗೆ ಕೇರಿಯ ಗುತ್ತೆವ್ವನ ಮನೆ ಬಂದಾಗ ಮಾತ್ರ ದಾರಿ ತಪ್ಪುತ್ತಿತ್ತು. ದೀಕ್ಷಾಸ್ನಾನದ ನೀರು ಅವರೆಲ್ಲರ ತಲೆ ತೋಯಿಸಿತ್ತು, ಜಾತಿ ತೋಯ್ದಿರಲಿಲ್ಲ. ದೇವರ ಮುಂದೆ ಮೇಲು ಕೀಳಿಲ್ಲವೆಂದು ಪಾದ್ರಿಗಳು ಈ ಸಲ ಪಟ್ಟು ಹಿಡಿದಿದ್ದರು.

ಗಂಡ ಮಾರೆಪ್ಪ ತೀರಿದ ಮೇಲೆ ಆ ಮಾತನ್ನು ನಂಬಿಯೇ ಗುತ್ತೆವ್ವ ಈ ದಾರಿಗೆ ಬಂದಿದ್ದಳು. ದೇವರನ್ನು ಬಿಟ್ಟವಳೆಂದು ಕೇರಿಯವರು ಬಾಗಿಲು ಹಾಕಿಕೊಂಡರು. ಇಲ್ಲಿಯವರು ತೆರೆಯಲಿಲ್ಲ. ಇವತ್ತಾದರೂ ತನ್ನವರೆಂದು ನಾಲ್ಕು ಜನ ಆದಾರು ಎಂಬ ಆಸೆಯಿಂದ ಗೋದಿ ತೊಳೆದು, ಬೀಸಿ, ಹೊಸ ಹಂಚಿನ ಮೇಲೆ ಬೇಯಿಸಿ ತಂದಿದ್ದಳು.

ಪಾದ್ರಿಗಳು ರೊಟ್ಟಿ ಮುರಿದು ಮೊದಲು ತಾವು ತಿಂದರು. ಆಮೇಲೆ ಚಾಪೆಯಿಂದ ಚಾಪೆಗೆ ಹಂಚಿದರು. ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸಿದರು. ಹಿಂದೆ ಕೂತಿದ್ದ ಗುತ್ತೆವ್ವ ರೆಪ್ಪೆ ನೋಯುವಷ್ಟು ಬಿಗಿಯಾಗಿ ಕಣ್ಣು ಮುಚ್ಚಿದ್ದಳು.

ಹೊರಡುವಾಗ ಗೌಡರ ಪೈಕಿಯ ಶಂಕ್ರಪ್ಪ ನಗುತ್ತ ನಿಂತ.

"ರೊಟ್ಟಿ ಭಾಳ ಮೆತ್ತಗಿತ್ತು ಬಿಡು, ಗುತ್ತೆವ್ವ."

ಅವಳು ಸೆರಗು ಹೊದ್ದುಕೊಂಡು ಅವನಿಗೆ ಕೈ ಮುಗಿದಳು. ಒಬ್ಬಳೇ ಒಂದು ಚಾಪೆ ಹಿಡಿದು ಕೂರುವ ಮುದುಕಿ ಉಡಚವ್ವ ಮಾತ್ರ ಎಂದಿನಂತೆ ಮುಖ ಗಂಟಿಕ್ಕಿ ದೂರ ಸರಿದು ಹೋದಳು. ಅವಳ ಹಲ್ಲಿಲ್ಲದ ಬಾಯಿ ಆಡುತ್ತಲೇ ಇತ್ತು. ಬೈಯುತ್ತಿದ್ದಾಳೆ ಎಂದುಕೊಂಡಳು ಗುತ್ತೆವ್ವ. ಪಾದ್ರಿಗಳ ಚಕ್ಕಡಿಯೂ ಹಿರೇಬೆಂಡಿಗೇರಿಯ ಕಡೆಗೆ ಹೊರಟಿತು.

ಕಸಬರಿಗೆ ಹಿಡಿದು ಒಳಗೆ ಬಂದವಳು ಮೊದಲ ಚಾಪೆ ಎತ್ತಿದರೆ, ಕೆಳಗೆ ರೊಟ್ಟಿಯ ಚೂರು. ಪಕ್ಕದ ಚಾಪೆಯ ಕೆಳಗೂ ಚೂರುಗಳು. ಶಂಕ್ರಪ್ಪ ಕೂತಿದ್ದಲ್ಲಿಯೂ ಒಂದಿತ್ತು, ಹಲ್ಲು ತಾಗದ್ದು.

ಸಿಟ್ಟು ಬರಲಿಲ್ಲ. ತಾನೇ ಏನೋ ಕದ್ದು ಸಿಕ್ಕಿಬಿದ್ದಂತೆ ನಾಚಿಕೆಯಾಯಿತು. ಆದರೆ ಕರ್ತನ ಹೆಸರಲ್ಲಿ ಮುರಿದ ರೊಟ್ಟಿಯನ್ನು ತಿಪ್ಪೆಗೆ ಚೆಲ್ಲುವುದುಂಟೆ? ಚೂರುಗಳನ್ನೆಲ್ಲ ಉಡಿಯಲ್ಲಿ ಕೂಡಿಹಾಕಿ, ಗೋಡೆಗೊರಗಿ ಕೂತು, ಒಂದೊಂದನ್ನೇ ಒರೆಸಿ ಬಾಯಿಗಿಟ್ಟಳು. ಒಣಗಿ ಬಿರುಸಾಗಿದ್ದವು. ಅಷ್ಟೂ ಜನರ ಪಾಲನ್ನು ಅವಳೊಬ್ಬಳೇ ತಿಂದಳು.

ಉಡಚವ್ವನ ಚಾಪೆಯೊಂದು ಉಳಿದಿತ್ತು. ಎತ್ತಿದಳು. ಏನೂ ಇರಲಿಲ್ಲ. ಕೊಡವಿದಳು. ನೆಲದ ಮೇಲೆ ಅಂಗೈ ಆಡಿಸಿ ನೋಡಿದಳು. ಮುದುಕಿಯ ಬಾಯಿ ಆಡುತ್ತಿದ್ದದ್ದು ಆಗ ನೆನಪಾಯಿತು.

ಮಿಕ್ಕ ಚಾಪೆಗಳನ್ನೆಲ್ಲ ಸುತ್ತಿ ಮೂಲೆಗಿಟ್ಟಳು. ಆ ಒಂದನ್ನು ಮಾತ್ರ ಇದ್ದಲ್ಲೇ ಹಾಸಿ, ಬಾಗಿಲು ಮುಂದಕ್ಕೆಳೆದುಕೊಂಡಳು.