ಮೆಟ್ಟಿಲು ಮುಚ್ಚಿದ ಬಾವಿ

ಅಳವಂಡಿಯಿಂದ ಎರಡು ಹರದಾರಿ ಆಚೆ ಕಲ್ಲಬಾವಿ ಎಂಬ ಊರು. ಆ ಊರಿನ ಕೆಳಗೇರಿಯ ಪಕ್ಕೀರವ್ವನಿಗೆ ನಾರು ತೆಗೆಯುವ ಕೈಗುಣವಿತ್ತು. ನಾರು ಎಂದರೆ ಚರ್ಮದಡಿ ಬೆಳೆಯುವ, ದಾರದಂಥ ಹುಳು. ಬೇಸಿಗೆ ಬಂತೆಂದರೆ ಕಾಲಲ್ಲಿ ಬೊಕ್ಕೆ ಎದ್ದು ಒಡೆದು ಅದರ ತುದಿ ಹೊರಗೆ ಇಣುಕುತ್ತಿತ್ತು. ಪಕ್ಕೀರವ್ವ ಆ ತುದಿಯನ್ನು ಕಸಬರಿಗೆ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟೇ ಎಳೆಯುವಳು. ಅವಸರ ಮಾಡಿದರೆ ಹುಳು ಹರಿಯುತ್ತದೆ. ಹರಿದರೆ ಕಾಲು ಕೀವುಗಟ್ಟುತ್ತದೆ. ಅವಳು ಕಾಲು ಹಿಡಿದಾಗ ಮೇಲಿನ ಕೇರಿಯ ಯಾರಿಗೂ ಮೈಲಿಗೆ ನೆನಪಾಗುತ್ತಿರಲಿಲ್ಲ. ಎದ್ದು ಹೋದ ಮೇಲೆ ಮಾತ್ರ ಅವಳು ಕೂತ ಜಾಗಕ್ಕೆ ನೀರು ಚಿಮುಕಿಸುತ್ತಿದ್ದರು.

ಎರಡನೇ ಮಹಾಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಗೌಡರಾದ ಕರಿಬಸಪ್ಪನವರ ಸೊಸೆ ಶಂಕ್ರಮ್ಮನಿಗೆ ನಾರು ಎದ್ದಿತು. ಪಕ್ಕೀರವ್ವ ಆರು ದಿನ ಎಳೆದಿದ್ದಳು. ಏಳನೆಯ ದಿನ ಹೋಗಿ ನೋಡಿದರೆ ಕಾಲಿನ ಕಡ್ಡಿ ಕಿತ್ತು ಹೋಗಿತ್ತು, ಹುಳು ಒಳಗೇ ಹರಿದಿತ್ತು. ಹನ್ನೆರಡು ದಿನಕ್ಕೆ ಆ ಹುಡುಗಿ ತೀರಿಕೊಂಡಳು. ಪಕ್ಕೀರವ್ವನ ಕೈ ತಪ್ಪಿತೆಂದು ಊರು ಆಡಿಕೊಂಡಿತು. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಮಲಗಿದಾಗ ಮಾತ್ರ ತನ್ನ ಬೆರಳುಗಳನ್ನೇ ನೋಡಿಕೊಳ್ಳುವಳು.

ಅದಾದ ತಿಂಗಳಿಗೆ ಕೊಪ್ಪಳದಿಂದ ಡಾಕ್ಟರ ಸಾಹೇಬರು ಬಂದರು, ಜೊತೆಗೆ ಜವಾನ ಮದಾರಸಾಬ. ಚಾವಡಿಯಲ್ಲಿ ಸಭೆ ಕೂಡಿತು. ಹಿರಿಯರು ಕಟ್ಟೆಯ ಮೇಲೆ, ಹೆಣ್ಣುಮಕ್ಕಳು ಗೋಡೆಯ ಮರೆಗೆ, ಕೆಳಗೇರಿಯವರು ದೂರದ ಬೇವಿನ ಗಿಡದ ಬುಡದಲ್ಲಿ. ಡಾಕ್ಟರರು ಉರ್ದುವಿನಲ್ಲಿ ಹೇಳಿದ್ದನ್ನು ಮದಾರಸಾಬ ಕನ್ನಡದಲ್ಲಿ ಬಿಡಿಸಿ ಹೇಳಿದ.

"ನಾರು ಎದ್ದ ಕಾಲು ಬಾವಿ ನೀರಾಗ ಇಳಿದ್ರ ಅದರ ಮರಿ ನೀರಿಗೆ ಬೀಳ್ತಾವಂತ್ರಿ. ಆ ನೀರು ಕುಡದವ್ರಿಗೆ ಮುಂದಿನ ವರ್ಷ ನಾರು. ಅದಕ್ಕ ಮೆಟ್ಲಾ ಮುಚ್ಚಿ, ಮ್ಯಾಲೆ ಗಡಗಡಿ ಕೂಡಿಸಿ, ಹಗ್ಗದಿಂದ ಸೇದಬೇಕು. ಊರವ್ರು ಒಪ್ಪಿದ್ರಷ್ಟ ಸರಕಾರ ಮಾಡತೈತಿ."

ಕಟ್ಟೆಯ ಮೇಲೆ ಗದ್ದಲವೆದ್ದಿತು. ಆ ಬಾವಿಯಿಂದಲೇ ಊರಿಗೆ ಹೆಸರು ಬಂದಿತ್ತು. ಹೊಸ ಸೊಸೆಯಂದಿರು ಮೆಟ್ಟಿಲಿಳಿದು ಗಂಗಿಪೂಜೆ ಮಾಡಿಯೇ ಮನೆ ತುಂಬುತ್ತಿದ್ದರು.

"ಹಿರ್‍ಯಾರು ಕಡದ ಬಾವಿರಿ ಅದು. ನಾರು ಮೈಯಾಗಿನ ಉಷ್ಣಕ್ಕ ಬರತೈತಿ, ನೀರಿಗೆ ಯಾಕ ಹೆಸರಿಡ್ತೀರಿ?" ಎಂದರು ಗೌಡರು.

ಹಿರಿಯರೆಲ್ಲ ತಲೆ ಆಡಿಸಿದರು. ಡಾಕ್ಟರರು ಕಾಗದ ತೆಗೆದು, ಊರು ಒಪ್ಪಲಿಲ್ಲವೆಂದು ಬರೆಯಲು ಹೊರಟರು.

ಪಕ್ಕೀರವ್ವ ಬೇವಿನ ನೆರಳಿನಿಂದ ನಾಲ್ಕು ಹೆಜ್ಜೆ ಮುಂದೆ ಬಂದಳು. ಗಂಡ ಗಾಳೆಪ್ಪ ಸೆರಗು ಹಿಡಿದು ಎಳೆದ. ಅವಳು ಬಿಡಿಸಿಕೊಂಡಳು.

"ಊರು ಅಂದ್ರ ಯಾರ್ರಿ ಸಾಹೇಬ್ರ?"

ಮದಾರಸಾಬ ತಿರುಗಿ ನೋಡಿದ. ಡಾಕ್ಟರರ ಕೈ ನಿಂತಿತು.

"ಈ ಬ್ಯಾಸಗಿಗೆ ನಾನು ನಲವತ್ತು ಮಂದಿ ಕಾಲಾಗಿನ ನಾರು ತಗದೀನ್ರಿ. ಯಾರ ಮನಿ, ಯಾರ ಕಾಲು, ಎಲ್ಲಾ ಬಾಯಿಲೆ ಹೇಳ್ತೀನಿ. ನಮ್ಮ ಕೇರ್‍ಯಾಗ ಒಂದಂದ್ರ ಒಂದೂ ಇಲ್ಲ. ನಮ್ಮನ್ನ ಆ ಮೆಟ್ಲಾ ಇಳಿಗೊಡಂಗಿಲ್ಲಲ್ರಿ, ನಾವು ಹಳ್ಳದಾಗಿನ ಒರತಿ ನೀರು ಕುಡೀತೀವಿ. ಉಷ್ಣದ್ದಾಗಿದ್ರ ಬಿಸಲಾಗ ದುಡಿಯೋ ನಮಗ ಮೊದ್ಲ ಬರಬೇಕಿತ್ತಲ್ರಿ?"

ಗೌಡರ ಮುಖ ಕೆಂಪಾಯಿತು.

"ನಮ್ಮ ಸೊಸಿನ್ನ ಕೊಂದಾಕಿ ಈಗ ನಮಗ ಬುದ್ಧಿ ಹೇಳಾಕ ಬಂದಿ?"

ಪಕ್ಕೀರವ್ವ ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಲೆ ತಗ್ಗಿಸಿದಳು. ಆಗ ಗೋಡೆಯ ಮರೆಯಿಂದ ಒಂದು ದನಿ ಬಂತು. ಗೌಡರ ಹೆಂಡತಿ ಶೇಖರಮ್ಮ. ಚಾವಡಿಯಲ್ಲಿ ಆಕೆಯ ದನಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಆಕಿ ಕೈಯಾಗ ಹರೀಲಿಲ್ಲ. ಆಕಿ ಹುಡುಗಿನ್ನ ಏಳಸಬ್ಯಾಡ್ರಿ ಅಂದಿದ್ಲು. ನಾನs ಕೊಡ ಕೊಟ್ಟು ಬಾವಿಗೆ ಕಳಿಸಿದೆ. ಮೆಟ್ಲದಾಗ ಜಾರಿ ಕಡ್ಡಿ ಕಿತ್ತು ಬಂತು. ಆ ಕಾಲು ನೀರಾಗಿಟ್ಟು ಆಕಿ ತಂದ ಕೊಡದಾಗಿನ ನೀರನ್ನ ನಾವೆಲ್ಲಾ ಕುಡದೀವಿ."

ಅಷ್ಟು ಹೇಳಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ಗೌಡರು ಹೆಂಡತಿಯ ಕಡೆ ನೋಡಲಿಲ್ಲ. ಡಾಕ್ಟರರ ಕಡೆ ಕೈ ಚಾಚಿದರು.

"ಕೊಡ್ರಿ ಕಾಗದ."

ಅವರು ಸಹಿ ಮಾಡಿದ ಮೇಲೆ ಉಳಿದ ಹಿರಿಯರು ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಿದರು. ಡಾಕ್ಟರರು ಪಕ್ಕೀರವ್ವನ ಕಡೆ ತಿರುಗಿ, ಮತ್ತೇನಾದರೂ ಹೇಳುವುದಿದೆಯೇ ಎಂದು ಮದಾರಸಾಬನಿಂದ ಕೇಳಿಸಿದರು.

"ಹಳ್ಳದ ಒರತಿ ಬ್ಯಾಸಗ್ಯಾಗ ಬತ್ತತೈತ್ರಿ. ಬಾವಿ ಮೂಡಣ ಮಗ್ಗಲಿಗೆ ನಮಗೊಂದು ಗಡಗಡಿ ಆಗಲಿ. ಹಗ್ಗ ನಮ್ಮದs ತರತೀವಿ."

ಕಟ್ಟೆಯ ಮೇಲಿದ್ದವರು ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಡಾಕ್ಟರರು ಮೂಡಣದ್ದೂ ಸೇರಿ ನಾಲ್ಕು ಗಡಗಡಿ ಎಂದು ಬರೆದುಕೊಂಡರು.

ಮಳೆಗಾಲಕ್ಕೆ ಮೊದಲೇ ಮೆಟ್ಟಿಲು ಮುಚ್ಚಿದರು. ಮುಚ್ಚುವ ಕಲ್ಲುಗಳನ್ನು ಹೊತ್ತದ್ದು ಕೆಳಗೇರಿಯವರೇ. ಗಾಳೆಪ್ಪನ ಹೆಗಲು ಸುಲಿದು ಹೋಯಿತು. ಮೂರು ಗಡಗಡಿ ಬಂದವು. ಮೂಡಣ ಮಗ್ಗುಲಲ್ಲಿ ಎರಡು ಕಲ್ಲಿನ ಕಂಬ ನಿಂತವು, ನಡುವೆ ಏನೂ ಇರಲಿಲ್ಲ.

"ಮೆಟ್ಲಾ ಮುಚ್ಚಿದ್ವಿ. ಇನ್ನ ಇವರಿಗೆ ಎಷ್ಟಂತ ಬಿಟ್ಟು ಕೊಡೂದು?" ಎಂದರಂತೆ ಗೌಡರು.

ಪಕ್ಕೀರವ್ವ ಕೊಪ್ಪಳದ ಕಚೇರಿಗೆ ನಡೆದು ಹೋದಳು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೇ ಸಲ ಅವರಿಗೆ ವರ್ಗವಾಗಿತ್ತು. ಮೂರನೇ ಸಲ ಬಾಗಿಲಲ್ಲಿ ಮದಾರಸಾಬ ಸಿಕ್ಕ. ಆ ಹಳೆಯ ಕಾಗದ ಹುಡುಕಿಸಲು ಅವನಿಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಎರಡು ಬೇಸಿಗೆ ಕಳೆದಿದ್ದವು. ಎರಡನೆಯದರಲ್ಲಿ ಊರಿನ ಒಂದು ಕಾಲಲ್ಲೂ ನಾರು ಏಳಲಿಲ್ಲ. ಪಕ್ಕೀರವ್ವನನ್ನು ಕರೆಯಲು ಮೇಲಿನ ಕೇರಿಯಿಂದ ಯಾರೂ ಬರಲಿಲ್ಲ.

ಮೂರನೆಯ ವರ್ಷ ಹಳ್ಳದ ಒರತೆ ಬತ್ತಿದ ವಾರದಲ್ಲಿ ಮದಾರಸಾಬನೇ ಚಕ್ಕಡಿಯಲ್ಲಿ ಗಡಗಡಿ ಹಾಕಿಕೊಂಡು ಬಂದು, ನಿಂತು ಕೂಡಿಸಿದ. ಸರಕಾರದ ಮುದ್ರೆಯಿದ್ದ ಕಾಗದವನ್ನು ಗೌಡರಿಗೆ ಓದಿ ಹೇಳಿದ. ಗೌಡರು ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಪಕ್ಕೀರವ್ವ ಹಗ್ಗ ಹಿಡಿದು ಬಂದಳು. ಹಿಂದೆ ಕೇರಿಯ ಹೆಂಗಸರು. ಬಾವಿಯ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಲಿನ ಮನೆಗಳ ಬಾಗಿಲು ಅರ್ಧ ತೆರೆದಿದ್ದವು. ಹೆಂಗಸರು ಹೆದರುತ್ತ ಹೆದರುತ್ತ ಸೇದಿದರು. ಬಿಸಿಲೇರಿದರೂ ಮೇಲಿನವರು ಯಾರೂ ಕೊಡ ಹೊತ್ತು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶೇಖರಮ್ಮ ಒಬ್ಬಳೇ ಬಂದಳು. ಪಡುವಣ ಗಡಗಡಿಗೆ ಹಗ್ಗ ಹಾಕಿ ಕೊಡ ಇಳಿಬಿಟ್ಟಳು. ಎದುರಿಗೆ ಪಕ್ಕೀರವ್ವ ಸೇದುತ್ತಿದ್ದಳು. ಶೇಖರಮ್ಮ ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ಬೊಗಸೆ ನೀರು ಕುಡಿದು ಹೋದಳು.

ಅಂದು ಸಂಜೆಗೆ ಮೇಲಿನ ಕೇರಿಯ ನಾಲ್ಕೈದು ಮನೆಯವರು ಬಂದರು. ಉಳಿದವರು ವರ್ಷಗಟ್ಟಲೆ ದೂರದ ಹೊಲದ ಬಾವಿಯಿಂದ ನೀರು ಹೊತ್ತರು.